ಹೊದಿಕೆಯಿಲ್ಲದ ಮಣ್ಣು

ಮಲೆನಾಡಿನವರು ಎಂದು ಹೇಳಿಕೊಂಡರೆ ಹೊರಗಿನವರಿಗೆ ಮೊದಲು ನೆನಪಾಗುವುದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆಂದು ಓದಿದವರಿಗೆ, ಅಲ್ಲಿಂದ ಸುಮಾರು ತೊಂಬತ್ತು ಕಿಲೋಮೀಟರ್ ದೂರದ ಶಿವಮೊಗ್ಗ ನಗರದಲ್ಲಿ ಏಪ್ರಿಲ್ ಮಧ್ಯಾಹ್ನ ಗುದ್ದಲಿ ಹಾಕಿದರೆ ಕಲ್ಲಿಗೆ ತಾಗಿದ ಸದ್ದು ಬರುತ್ತದೆ ಎಂದರೆ ನಂಬಿಕೆ ಬರುವುದಿಲ್ಲ. ಘಟ್ಟದ ನೆತ್ತಿಯ ಮೇಲೆ ಸುರಿದು ಹಗುರಾದ ಮೋಡಗಳು ತೀರ್ಥಹಳ್ಳಿ ದಾಟಿ, ಗಾಜನೂರು ದಾಟಿ ನಮ್ಮ ಊರಿಗೆ ಬರುವ ಹೊತ್ತಿಗೆ ಅವುಗಳಲ್ಲಿ ಉಳಿದಿರುವುದು ಆಗುಂಬೆಯ ಪಾಲಿನ ಒಂದು ಸಣ್ಣ ಭಾಗ ಮಾತ್ರ. ಅದೂ ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಾತು. ಡಿಸೆಂಬರ್ ಕಳೆದ ಮೇಲೆ ಏಪ್ರಿಲ್ ನಡುವಿನವರೆಗೆ ಆಕಾಶದಿಂದ ಹನಿ ಬಿದ್ದರೆ ಅದೇ ಸುದ್ದಿ.

ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿನ ನಮ್ಮ ಹಿತ್ತಲನ್ನು ಯಾರೂ ‘ಗಾರ್ಡನ್’ ಎಂದು ಕರೆದದ್ದಿಲ್ಲ. ಬಚ್ಚಲ ನೀರು ಹರಿದು ಹೋಗುವ ಕಡೆ ಬಾಳೆಯೂ ಕೆಸುವೂ ಇದ್ದವು, ಅದರಾಚೆ ಬಸಳೆಯ ಚಪ್ಪರ, ಬಾವಿಕಟ್ಟೆಯ ತಂಪಿನಲ್ಲಿ ಒಂದೆಲಗ, ಅಂಗಳದ ಅಂಚಿನಲ್ಲಿ ಅಮ್ಮನ ಡೇರೆ (ಡೇಲಿಯಾ) ಹೂವಿನ ಗಿಡಗಳು. ಯಾವುದಕ್ಕೂ ವಿಶೇಷವಾಗಿ ನೀರು ಹಾಕಿದ ನೆನಪು ನನಗಿಲ್ಲ. ಹೀಗಾಗಿ ಹನ್ನೆರಡು ವರ್ಷಗಳ ಹಿಂದೆ ಶಿವಮೊಗ್ಗದ ಹೊಸ ಬಡಾವಣೆಯೊಂದರಲ್ಲಿ 30×40 ಅಡಿ ಸೈಟಿನಲ್ಲಿ ಮನೆ ಕಟ್ಟಿಸಿಕೊಂಡು ಬಂದಾಗ, ಮನೆಯ ಹಿಂದೆ ಉಳಿದ ಒಂದು ತುಂಡು ನೆಲ, ಪಶ್ಚಿಮದ ಗೋಡೆಗೆ ತಾಗಿದ ನಾಲ್ಕಡಿಯ ಪಟ್ಟಿ ಮತ್ತು ಮೇಲಿನ ತಾರಸಿ ನನಗೆ ಧಾರಾಳವಾಗಿ ಸಾಕೆನ್ನಿಸಿತ್ತು. ಬೇಸಾಯ ಗೊತ್ತಿದ್ದ ಮನೆಯಿಂದ ಬಂದವಳೆಂಬ ಧೈರ್ಯವೂ ಇತ್ತು. ಆ ಧೈರ್ಯವೇ ಮೊದಲ ಎರಡು ಬೇಸಿಗೆಗಳ ತಪ್ಪುಗಳಿಗೆ ಕಾರಣವಾಯಿತು ಎಂದು ಈಗ ಅನ್ನಿಸುತ್ತದೆ.

ಮೊದಲ ತಪ್ಪು ಮಡಿ ಮಾಡಿದ ರೀತಿಯಲ್ಲಿಯೇ ಇತ್ತು. ಊರಿನಲ್ಲಿ ತರಕಾರಿ ಹಾಕುವುದೆಂದರೆ ಏರು ಮಡಿ ಮಾಡಬೇಕು, ಇಲ್ಲವಾದರೆ ಜುಲೈ ಮಳೆಗೆ ಬೇರು ಕೊಳೆಯುತ್ತದೆ. ನಾನು ಅದೇ ಅಭ್ಯಾಸದಲ್ಲಿ ಫೆಬ್ರವರಿ ತಿಂಗಳಲ್ಲಿಯೂ ಮಣ್ಣನ್ನು ಒಂದಡಿ ಎತ್ತರಕ್ಕೆ ಏರಿಸಿ ಬೆಂಡೆ, ಮೆಣಸು, ಟೊಮೆಟೊ ಹಾಕಿದೆ. ಏರಿದ ಮಣ್ಣಿಗೆ ನಾಲ್ಕು ಬದಿಯಿಂದಲೂ ಗಾಳಿ ಬಿಸಿಲು ತಾಗುತ್ತದೆ. ಬೆಳಿಗ್ಗೆ ಹಾಕಿದ ನೀರು ಅರ್ಧ ಇಳಿಜಾರಿನಲ್ಲಿ ಹರಿದು, ಉಳಿದದ್ದು ಮಧ್ಯಾಹ್ನದೊಳಗೆ ಆರುತ್ತಿತ್ತು. ಬೇಸಿಗೆಯಲ್ಲಿ ಮಡಿಯು ನೆಲಮಟ್ಟದಿಂದ ನಾಲ್ಕು ಬೆರಳು ತಗ್ಗಿನಲ್ಲಿದ್ದು ಸುತ್ತಲೂ ಸಣ್ಣ ಒಡ್ಡು ಇರಬೇಕು, ಮಳೆಗಾಲಕ್ಕೆ ಅದೇ ಜಾಗವನ್ನು ಮತ್ತೆ ಏರಿಸಬೇಕು ಎಂಬುದನ್ನು ನಾನು ಕಲಿತದ್ದು ಆ ವರ್ಷದ ಬೆಂಡೆಯೆಲ್ಲ ಒಣಗಿದ ಮೇಲೆ.

ಎರಡನೆಯದು ನನ್ನ ಸ್ವಚ್ಛತೆಯ ಹಟ. ಬಡಾವಣೆಯಲ್ಲಿ ಎಲ್ಲರ ಮನೆಯ ಮುಂದೆಯೂ ಹಿಂದೆಯೂ ಕಸಕಡ್ಡಿಯಿಲ್ಲದ ನೆಲ. ನಾನೂ ಪ್ರತಿದಿನ ಬೆಳಿಗ್ಗೆ ಗಿಡದ ಬುಡದವರೆಗೆ ಗುಡಿಸಿ, ಬಿದ್ದ ಎಲೆಯನ್ನೆಲ್ಲ ಮೂಲೆಯಲ್ಲಿ ರಾಶಿ ಹಾಕಿ ಭಾನುವಾರ ಬೆಂಕಿ ಕೊಡುತ್ತಿದ್ದೆ. ಆಮೇಲೆ ಅದೇ ನೆಲಕ್ಕೆ ಪೈಪು ಹಿಡಿದು ನಿಲ್ಲುತ್ತಿದ್ದೆ. ಹೀಗೆ ಪೈಪು ಹಿಡಿದ ಒಂದು ಮಧ್ಯಾಹ್ನ ನನ್ನ ಕಣ್ಣಿಗೆ ಇನ್ನೂ ಕಟ್ಟಿದಂತಿದೆ. ಎರಡು ಗಂಟೆಯ ಹೊತ್ತು, ಹೀರೆ ಬಳ್ಳಿಯ ಎಲೆಗಳೆಲ್ಲ ಒದ್ದೆ ಬಟ್ಟೆಯಂತೆ ಜೋತು ಬಿದ್ದಿದ್ದವು. ನೋಡಲಾಗದೆ ಓಡಿ ಹೋಗಿ ನಲ್ಲಿ ತಿರುಗಿಸಿದೆ. ಬೆಳಗಿನಿಂದ ಕಾಂಕ್ರೀಟಿನ ಮೇಲೆ ಬಿಸಿಲಿಗೆ ಬಿದ್ದಿದ್ದ ಪೈಪಿನೊಳಗಿನ ನೀರು ಮೊದಲು ಬಂತು. ನನ್ನ ಕಾಲಿನ ಮೇಲೆ ಬಿದ್ದ ನಾಲ್ಕು ಹನಿಗೆ ಚರ್ಮ ಚುರುಕ್ ಎಂದಾಗಲೇ ನನಗೆ ಅರಿವಾದದ್ದು, ಅಷ್ಟರಲ್ಲಿ ಒಂದು ಬಕೆಟಿನಷ್ಟು ಬಿಸಿನೀರು ಬಳ್ಳಿಯ ಬುಡಕ್ಕೆ ಹೋಗಿತ್ತು. ಮರುದಿನ ಆ ಬಳ್ಳಿ ತಲೆ ಎತ್ತಲಿಲ್ಲ. ಅಷ್ಟಕ್ಕೂ ಅದಕ್ಕೆ ಆ ಹೊತ್ತಿನಲ್ಲಿ ನೀರಿನ ಅವಸರವಿತ್ತೆಂದೂ ಹೇಳಲಾಗದು. ಹೀರೆ, ಕುಂಬಳ, ಸೋರೆಯಂಥ ಅಗಲ ಎಲೆಯ ಬಳ್ಳಿಗಳು ಸುಡುಬಿಸಿಲಿನಲ್ಲಿ ಎಲೆ ಜೋತು ಬಿಟ್ಟು ತಮ್ಮ ಮೇಲೆ ಬೀಳುವ ಬಿಸಿಲನ್ನು ಕಡಿಮೆ ಮಾಡಿಕೊಳ್ಳುತ್ತವೆ, ಸಂಜೆ ಬಿಸಿಲಿಳಿದಾಗ ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಬೆಳಿಗ್ಗೆ ಏಳು ಗಂಟೆಗೂ ಎಲೆ ಬಾಡಿಯೇ ಇದ್ದರೆ ಅದು ಬಾಯಾರಿಕೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ನಾನು ಎಷ್ಟು ಗಿಡಗಳಿಗೆ ಮಧ್ಯಾಹ್ನದ ಹೊತ್ತು ನೀರು ಸುರಿದು ಬೇರು ಕೊಳೆಸಿದೆನೋ.

ಆ ಏಪ್ರಿಲ್‌ನಲ್ಲಿ ಅಮ್ಮ ನಾಲ್ಕು ದಿನಕ್ಕೆ ಬಂದಿದ್ದರು. ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಬಾಗಿ ಅಂಗೈಯನ್ನು ನೆಲಕ್ಕೆ ಒತ್ತಿ ತಕ್ಷಣ ತೆಗೆದರು. “ಮಣ್ಣನ್ನ ಹೀಗೆ ಬೆತ್ಲೆ ಬಿಟ್ಟಿದೀಯಲ್ಲ ಮಾರಾಯ್ತಿ, ಬಿಸ್ಲು ಅದ್ರ ಜೀವ ಹೀರದೆ ಬಿಡ್ತದಾ? ನಾಕು ಬುಟ್ಟಿ ದರಕು ತಂದು ಹಾಕು” ಎಂದರು. ದರಕು ಎಂದರೆ ಉದುರಿದ ಒಣ ಎಲೆ. ನನಗೆ ಆಗ ನಮ್ಮ ಹಿತ್ತಲಿನ ನೆಲ ನೆನಪಾಯಿತು. ನೆನಪಾಯಿತು ಎನ್ನುವುದಕ್ಕಿಂತ, ಆ ನೆಲವನ್ನು ನಾನು ಒಮ್ಮೆಯೂ ಕಂಡಿರಲಿಲ್ಲ ಎಂಬುದು ಹೊಳೆಯಿತು. ಅಂಗಳವನ್ನು ಬಿಟ್ಟರೆ ಉಳಿದೆಲ್ಲ ಕಡೆ ತರಗೆಲೆ, ಅಡಿಕೆ ಸೋಗೆ, ಸಿಪ್ಪೆ, ಹಸಿ ಸೊಪ್ಪು ಏನಾದರೂ ಒಂದು ಮುಚ್ಚಿಕೊಂಡೇ ಇರುತ್ತಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ತೋಟಗಳ ಬೆನ್ನಿಗೆ ಸೊಪ್ಪಿನ ಬೆಟ್ಟಗಳು ಇರುವುದೇ ಇದಕ್ಕಾಗಿ. ಬೇಸಿಗೆಯಲ್ಲಿ ದರಕು, ಮಳೆಗಾಲದ ಹೊತ್ತಿಗೆ ಹಸಿಸೊಪ್ಪು ಅಲ್ಲಿಂದ ಕೊಟ್ಟಿಗೆಗೆ ಬರುತ್ತದೆ, ಕೊಟ್ಟಿಗೆಯಿಂದ ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಅದನ್ನು ನಾವು ಗೊಬ್ಬರದ ಲೆಕ್ಕದಲ್ಲಿ ಮಾತ್ರ ನೋಡುತ್ತೇವೆ. ಅದು ನೀರಿನ ಲೆಕ್ಕವೂ ಹೌದು.

ನಮ್ಮ ಮಣ್ಣಿನ ಸ್ವಭಾವವನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ಕಡೆ ಎರಡು ಅಡಿ ಅಗೆದರೆ ಬಹಳ ಕಡೆ ಸಿಗುವುದು ಜಂಬಿಟ್ಟಿಗೆ. ಇಂಗ್ಲಿಷರು ಇದನ್ನು ಲ್ಯಾಟರೈಟ್ ಎನ್ನುತ್ತಾರೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಆ ಹೆಸರನ್ನು ಕಟ್ಟಿ 1807ರಲ್ಲಿ ಪ್ರಕಟಿಸಿದ. ನಮ್ಮ ಪದದೊಳಗೆ ಇಟ್ಟಿಗೆ ಮೊದಲಿನಿಂದಲೇ ಕುಳಿತಿದೆ ಎಂಬುದು ನನಗೆ ಸಂತೋಷ ಕೊಡುವ ಸಂಗತಿ. ನೆಲದೊಳಗೆ ತೇವದಲ್ಲಿದ್ದಾಗ ಕತ್ತಿಯಲ್ಲಿ ಕೊಯ್ಯುವಷ್ಟು ಮೆತ್ತಗಿರುವ ಈ ಮಣ್ಣು ಗಾಳಿ ಬಿಸಿಲಿಗೆ ಬಂದು ಒಣಗಿದರೆ ಗೋಡೆ ಕಟ್ಟುವಷ್ಟು ಗಟ್ಟಿಯಾಗುತ್ತದೆ. ನಮ್ಮ ಸೈಟಿನಲ್ಲಿ ಪಾಯ ತೋಡುವಾಗ ಮೇಲಿನ ಕಪ್ಪು ಮಣ್ಣು ಅಡಿಗೆ ಹೋಗಿ, ಅಡಿಯ ಕೆಂಪು ಮಣ್ಣು ಮೇಲೆ ಬಂದು ಹರಡಿಕೊಂಡಿತ್ತು. ಮನೆ ಕಟ್ಟಿಸುವವರು ಮೇಲಿನ ಆರಿಂಚು ಮಣ್ಣನ್ನು ಬೇರೆಯಾಗಿ ತೆಗೆದು ಒಂದು ಮೂಲೆಯಲ್ಲಿ ಇಡಿಸಿದರೆ ಮುಂದೆ ಹತ್ತು ವರ್ಷದ ದುಡಿಮೆ ಉಳಿಯುತ್ತದೆ. ನನಗೆ ಅದನ್ನು ಹೇಳಿದವರಿರಲಿಲ್ಲ. ಆ ಕೆಂಪು ಮಣ್ಣನ್ನು ನಾನು ಗುಡಿಸಿ ಗುಡಿಸಿ ಬಿಸಿಲಿಗೆ ಒಡ್ಡುತ್ತಿದ್ದೆ, ಅಂದರೆ ಇಟ್ಟಿಗೆ ಮಾಡುವ ಕೆಲಸವನ್ನೇ ಮಾಡುತ್ತಿದ್ದೆ.

ಮುಂದಿನ ಫೆಬ್ರವರಿಯಲ್ಲಿ ಗೋಣಿಚೀಲ ಹಿಡಿದು ಬೆಳಿಗ್ಗೆ ಆರಕ್ಕೆ ರಸ್ತೆಗೆ ಇಳಿದೆ. ನಮ್ಮ ಬಡಾವಣೆಯ ಮುಖ್ಯ ರಸ್ತೆಯಲ್ಲಿ ಹೊಂಗೆ ಮರಗಳಿವೆ; ಅವು ಆ ದಿನಗಳಲ್ಲಿ ಎಲೆ ಉದುರಿಸಿ ಹೊಸ ಚಿಗುರಿಗೆ ಸಿದ್ಧವಾಗುತ್ತವೆ. ರಸ್ತೆ ಗುಡಿಸುವ ಹೆಂಗಸೊಬ್ಬರು ಆ ಎಲೆಯನ್ನು ಗುಡ್ಡೆ ಮಾಡಿ ಬೆಂಕಿಪೊಟ್ಟಣ ತೆಗೆಯುತ್ತಿದ್ದರು. “ಇದನ್ನ ನಂಗೆ ಕೊಡ್ತೀರಾ ಅಕ್ಕ?” ಎಂದೆ. “ಎಂತಕಮ್ಮ ಈ ಕಸ?” ಎಂದು ಅವರು ಕೇಳಿದರು. ಗಿಡಕ್ಕೆ ಎಂದ ಮೇಲೆ ಚೀಲದ ಬಾಯಿ ಹಿಡಿದು ತಾವೇ ತುಂಬಿಸಿಕೊಟ್ಟರು, ಪ್ಲಾಸ್ಟಿಕ್ ಕವರುಗಳನ್ನು ಆರಿಸಿ ಬೇರೆ ಹಾಕಿ. ಆ ವರ್ಷ ಒಂದೇ ತಿಂಗಳಲ್ಲಿ ಇಪ್ಪತ್ತೆರಡು ಚೀಲ ಎಲೆ ತಂದೆ. ಹಿತ್ತಲಿನ ನೆಲಕ್ಕೆ ಮೊದಲು ನೀರುಣಿಸಿ, ಒಂದು ತೆಳು ಪದರ ಹಟ್ಟಿಗೊಬ್ಬರ ಹರಡಿ, ಅದರ ಮೇಲೆ ಒಂದು ಗೇಣು ದಪ್ಪಕ್ಕೆ ಎಲೆ ಹೊದಿಸಿ, ಗಾಳಿಗೆ ಹಾರದಂತೆ ಊರಿನಿಂದ ತಂದ ಸೋಗೆ ಅಡ್ಡ ಹಾಕಿದೆ. ಗಿಡದ ಕಾಂಡಕ್ಕೆ ಎಲೆ ತಾಗದಂತೆ ಮೂರು ಬೆರಳು ಜಾಗ ಬಿಟ್ಟೆ, ತಾಗಿದರೆ ಅಲ್ಲಿ ಕೊಳೆಯುತ್ತದೆ.

ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಬೇಸಿಗೆಯ ಬಿಸಿಲು ಗಾಳಿಗೆ ನೀರು ತುಂಬಿದ ಅಗಲ ಪಾತ್ರೆಯಿಂದ ದಿನಕ್ಕೆ ಐದಾರು ಮಿಲಿಮೀಟರ್ ಆವಿಯಾಗುವುದು ಸಾಮಾನ್ಯ. ಒದ್ದೆಯಾದ ತೆರೆದ ಮಣ್ಣೂ ಮೊದಲ ಒಂದೆರಡು ದಿನ ಹೆಚ್ಚುಕಡಿಮೆ ಅದೇ ವೇಗದಲ್ಲಿ ನೀರು ಬಿಡುತ್ತದೆ. ನಾನು ಪ್ರತಿ ಬೆಳಿಗ್ಗೆ ಸುರಿಯುತ್ತಿದ್ದ ಕೊಡಗಳಲ್ಲಿ ಬಹುಪಾಲು ಗಿಡವನ್ನು ಮುಟ್ಟದೆ ಆಕಾಶಕ್ಕೆ ಹೋಗುತ್ತಿತ್ತು. ಹೊದಿಕೆ ಹಾಕಿದ ಮೇಲೆ ನಾಲ್ಕನೆಯ ದಿನ ಎಲೆ ಸರಿಸಿ ಬೆರಳು ತೂರಿದರೆ ಎರಡನೆಯ ಗೆಣ್ಣಿನ ಹತ್ತಿರ ಮಣ್ಣು ತಣ್ಣಗೆ ತಾಗಿತು. ದಿನಾ ನೀರು ಚಿಮುಕಿಸುವುದನ್ನು ಬಿಟ್ಟು ನಾಲ್ಕು ದಿನಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಹಾಕತೊಡಗಿದೆ. ದಿನವೂ ಮೇಲೆ ಮೇಲೆ ನೀರು ಕಂಡ ಬೇರು ಮೇಲೆಯೇ ಹರಡಿಕೊಳ್ಳುತ್ತದೆ, ಒಂದು ದಿನ ತಪ್ಪಿದರೆ ಸಾಯುತ್ತದೆ; ಕೆಳಗೆ ತೇವವಿದೆಯೆಂದು ಗೊತ್ತಾದ ಬೇರು ಕೆಳಗಿಳಿಯುತ್ತದೆ.

ಹೊದಿಕೆಗೂ ತನ್ನದೇ ತಕರಾರುಗಳಿವೆ. ಒಣ ಎಲೆಗೆ ಗೆದ್ದಲು ಬರುತ್ತದೆ. ನಮ್ಮ ನಿಂಬೆ ಗಿಡದ ಬುಡವನ್ನು ಒಂದು ವಾರದಲ್ಲಿ ಮಣ್ಣಿನ ಕವಚ ಹಾಕಿ ತಿಂದವು. ಅಂದಿನಿಂದ ಎಲೆಯ ಪದರದ ಕೆಳಭಾಗ ಸದಾ ಸ್ವಲ್ಪ ತೇವವಾಗಿರುವಂತೆ ನೋಡಿಕೊಳ್ಳುತ್ತೇನೆ, ಮರದ ತುಂಡುಗಳನ್ನು ಹಾಕುವುದಿಲ್ಲ. ಮೃಗಶಿರ ಮಳೆ ಹಿಡಿಯುವ ಮೊದಲು ಎಲ್ಲ ಹೊದಿಕೆಯನ್ನೂ ಬುಡದಿಂದ ಎಳೆದು ಗೊಬ್ಬರದ ಗುಂಡಿಗೆ ಹಾಕಲೇಬೇಕು, ಇಲ್ಲವಾದರೆ ಅದರಡಿಯಲ್ಲಿ ದೊಡ್ಡ ಬಸವನಹುಳುಗಳು ಸಂಸಾರ ಹೂಡಿ ಎಳೆ ಸಸಿಗಳನ್ನು ಒಂದೇ ರಾತ್ರಿಯಲ್ಲಿ ಮುಗಿಸುತ್ತವೆ. ಬರಗಾಲದ ನಾಡಿಗೆಂದು ಹೇಳುವ ಪಾಠ ನಮಗೆ ಆರು ತಿಂಗಳಿಗೆ ಮಾತ್ರ ಸರಿ. ಉಳಿದ ಆರು ತಿಂಗಳು ಅದೇ ನೆಲದಲ್ಲಿ ನಾವು ನೀರನ್ನು ಹೊರಗೆ ಕಳಿಸುವ ಉಪಾಯ ಹುಡುಕುತ್ತಿರುತ್ತೇವೆ.

ತಾರಸಿಯ ವಿಷಯದಲ್ಲಿ ನಾನು ಸೋತದ್ದೇ ಹೆಚ್ಚು. ಒಂದು ಕಾಲದಲ್ಲಿ ಮೇಲೆ ನೂರಾನಲವತ್ತು ಕುಂಡಗಳಿದ್ದವು, ಅರ್ಧಕ್ಕಿಂತ ಹೆಚ್ಚು ಕಪ್ಪು ಪ್ಲಾಸ್ಟಿಕ್ಕಿನವು. ಮಧ್ಯಾಹ್ನ ಮೂರಕ್ಕೆ ಕುಂಡದ ಬಿಸಿಲ ಬದಿಯನ್ನು ಮುಟ್ಟಿದರೆ ಕೈ ಇಡಲಾಗುತ್ತಿರಲಿಲ್ಲ. ಆ ಬದಿಯ ಬೇರುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿ ಬೆಂದಿರುತ್ತಿದ್ದವು. ನೆಲದ ಗಿಡಕ್ಕೆ ತಾನಾಗಿ ತಂಪು ಹುಡುಕಿಕೊಂಡು ಹೋಗುವ ದಾರಿಯಿದೆ, ಕುಂಡದ ಗಿಡಕ್ಕಿಲ್ಲ. 2023ರ ಮುಂಗಾರು ಕೈಕೊಟ್ಟಿತು. 1901ರಿಂದ ಇಟ್ಟ ದಾಖಲೆಗಳಲ್ಲಿ ದೇಶದ ಮಟ್ಟಿಗೆ ಅಷ್ಟು ಒಣಗಿದ ಆಗಸ್ಟ್ ಬೇರೊಂದಿಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದರು. ಅದರ ಮುಂದಿನ ಏಪ್ರಿಲ್‌ಗೆ ನಮ್ಮ ಬೋರ್‌ವೆಲ್ ಗಾಳಿ ಉಗುಳತೊಡಗಿತು, ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು. ಕುಂಡಕ್ಕೆ ಎರಡು ಲೀಟರಿನಂತೆ ನೂರಾನಲವತ್ತು ಕುಂಡಕ್ಕೆ ದಿನಕ್ಕೆ 280 ಲೀಟರ್. ಪಕ್ಕದ ಮನೆಯವರು ಕುಡಿಯುವ ನೀರಿಗೆ ಟ್ಯಾಂಕರ್ ಕಾಯುತ್ತಿರುವಾಗ ಅಷ್ಟು ನೀರನ್ನು ಹೂವಿನ ಗಿಡಕ್ಕೆ ಸುರಿಯಲು ನನಗೆ ಮನಸ್ಸು ಬರಲಿಲ್ಲ. ಒಂದು ಸಂಜೆ ಕುಳಿತು ಪಟ್ಟಿ ಮಾಡಿ, ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಗುರುತು ಹಾಕಿದೆ. ಕರಿಬೇವು, ದೊಡ್ಡಪತ್ರೆ, ಎರಡು ಮಲ್ಲಿಗೆ, ದಾಸವಾಳ ಕೆಳಗಿಳಿದು ಹಿತ್ತಲಿನ ನೆರಳಿಗೆ ಬಂದವು. ಗುಲಾಬಿ, ಆಂಥೂರಿಯಂ, ಜರೀಗಿಡಗಳಿಗೆ ಅಂದಿನಿಂದ ನೀರು ನಿಲ್ಲಿಸಿದೆ. ತಾರಸಿಗೆ ಹತ್ತಿದಾಗಲೆಲ್ಲ ಅವುಗಳ ಕಡೆ ನೋಡದೆ ಬಟ್ಟೆ ಒಣಹಾಕಿ ಇಳಿಯುತ್ತಿದ್ದೆ. ಅವು ಸಾಯಲು ಒಂಬತ್ತು ದಿನ ತೆಗೆದುಕೊಂಡವು.

ಈಗ ಮೇಲೆ ಮೂವತ್ತೈದು ಕುಂಡಗಳಿವೆ. ಎಲ್ಲವೂ ದೊಡ್ಡವು, ಸುಣ್ಣ ಬಳಿದು ಬೆಳ್ಳಗಾದವು, ಒಂದಕ್ಕೊಂದು ತಾಗಿಸಿ ಇಟ್ಟವು. ಕಾಂಕ್ರೀಟಿಗೆ ನೇರವಾಗಿ ತಾಗದಂತೆ ಅಡಿಯಲ್ಲಿ ಹಲಗೆ ಇದೆ, ಮೇಲೆ ಶೇಕಡಾ 50ರ ಹಸಿರು ನೆರಳುಪರದೆ. ನನಗೆ ಸೋಗೆಯ ಚಪ್ಪರದ ನೆರಳೇ ಹೆಚ್ಚು ಇಷ್ಟ, ಅದು ಗಾಳಿಯನ್ನು ಬಿಡುತ್ತದೆ. ಆದರೆ ಪ್ರತಿ ವರ್ಷ ಊರಿನಿಂದ ಸೋಗೆ ತರುವವರಿಲ್ಲ.

ಬೆಳೆಯ ಆಯ್ಕೆಯಲ್ಲಿಯೂ ಹಟ ಬಿಟ್ಟಿದ್ದೇನೆ. ಟೊಮೆಟೊ ಗಿಡ ಏಪ್ರಿಲ್‌ನಲ್ಲಿ ಹಸಿರಾಗಿ ನಿಂತಿರುತ್ತದೆ, ಹೂವೂ ಬಿಡುತ್ತದೆ, ಆದರೆ ಹಗಲು 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಪರಾಗ ಕೆಟ್ಟು ಹೂವು ತೊಟ್ಟಿನ ಗಂಟಿನಲ್ಲಿ ಕಳಚಿ ಬೀಳುತ್ತದೆ. ಹೂ ಉದುರದಂತೆ ಸಿಂಪಡಿಸಿ ಎಂದು ಅಂಗಡಿಯವರೊಬ್ಬರು ಕೊಟ್ಟ ಸೀಸೆಗೆ ನಾನು ಎರಡು ವರ್ಷ ದುಡ್ಡು ಹಾಕಿದೆ. ಈಗ ಟೊಮೆಟೊವನ್ನು ಅಕ್ಟೋಬರ್‌ನಲ್ಲಿ ನೆಟ್ಟು ಫೆಬ್ರವರಿಗೆ ಮುಗಿಸುತ್ತೇನೆ. ಬೇಸಿಗೆ ಹರಿವೆ, ಬಸಳೆ, ಅಲಸಂದೆ, ಬೆಂಡೆ, ಬದನೆಗಳದ್ದು. ಹರಿವೆಯ ಬಗ್ಗೆ ನನಗೆ ವಿಶೇಷ ಗೌರವ. ಜೋಳ, ಕಬ್ಬುಗಳಂತೆ ಅದೂ ಬಿಸಿಲಿನಲ್ಲಿ ಆಹಾರ ತಯಾರಿಸುವ ಬೇರೆಯದೇ ದಾರಿಯನ್ನು ಕಂಡುಕೊಂಡ ಗಿಡ. ಎಲೆಯ ರಂಧ್ರಗಳನ್ನು ಕಡಿಮೆ ತೆರೆದೂ ಬೇಕಾದಷ್ಟು ಇಂಗಾಲದ ಡೈಆಕ್ಸೈಡನ್ನು ಒಳಗೆ ಕೂಡಿಟ್ಟುಕೊಳ್ಳಬಲ್ಲದು, ಹಾಗಾಗಿ ಅಷ್ಟೇ ಸೊಪ್ಪಿಗೆ ಬೇರೆ ಸೊಪ್ಪುಗಳಿಗಿಂತ ಕಡಿಮೆ ನೀರು ಸಾಕು. ಪಾಲಕ್ ಬಾಡಿ ಹಳದಿಯಾಗುವ ವಾರದಲ್ಲಿ ಹರಿವೆ ಕೆಂಪು ದಂಟು ಎತ್ತಿ ನಿಂತಿರುತ್ತದೆ. ನಮ್ಮ ಹಿರಿಯರು ಬೇಸಿಗೆಯಲ್ಲಿ ಹರಿವೆ ದಂಟಿನ ಹುಳಿಯನ್ನೇ ಅಷ್ಟು ಸಲ ಮಾಡುತ್ತಿದ್ದುದು ಬೇರೆ ತರಕಾರಿ ಇಲ್ಲದೆ ಎಂದು ಚಿಕ್ಕಂದಿನಲ್ಲಿ ನಾನು ಗೊಣಗುತ್ತಿದ್ದೆ. ಮೆಣಸಿನ ಗಿಡವನ್ನು ಮಾತ್ರ ಬಿಡಲಾಗಿಲ್ಲ. ಒಣ ಹವೆಯಲ್ಲಿ ನುಸಿ ಹೆಚ್ಚಿ ಎಲೆ ಮುರುಟುತ್ತದೆ. ಎರಡು ದಿನಕ್ಕೊಮ್ಮೆ ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ನೀರು ಚಿಮ್ಮಿಸುತ್ತೇನೆ, ವಾರಕ್ಕೊಮ್ಮೆ ಸಂಜೆ ಹೊತ್ತು ಸೋಪಿನ ನೀರಿನಲ್ಲಿ ಕದಡಿದ ಬೇವಿನೆಣ್ಣೆ, ಲೀಟರಿಗೆ ಐದು ಮಿಲಿಲೀಟರಿನಂತೆ.

ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು ನೀರು ತುಂಬಿಡುವ ಉಪಾಯ ಬಹಳ ಹಳೆಯದು. ನಾನು ಮೊದಲು ತಂದ ನಾಲ್ಕು ಮಡಕೆಗಳ ನೀರು ವಾರ ಕಳೆದರೂ ಇಳಿಯಲಿಲ್ಲ, ಸುತ್ತಲಿನ ಬೆಂಡೆ ಸಸಿಗಳು ಒಣಗಿದವು. ಅಗೆದು ತೆಗೆದು ಉಜ್ಜಿದಾಗ ಕೈಗೆ ಬಣ್ಣ ಹತ್ತಿತು. ಅಂದಕ್ಕೆಂದು ಹೊರಗೆ ಬಳಿದ ಕೆಂಪು ಪೇಂಟು ಮಡಕೆಯ ಉಸಿರು ಕಟ್ಟಿತ್ತು. ಈಗ ಅಂಗಡಿಯಲ್ಲಿಯೇ ನೀರು ತುಂಬಿಸಿ ಅರ್ಧ ಗಂಟೆ ಕಾಯುತ್ತೇನೆ, ಮಡಕೆಯ ಮೈ ಬೆವರಿದರೆ ಮಾತ್ರ ಕೊಳ್ಳುತ್ತೇನೆ. ಐದು ಲೀಟರಿನ ಒಂದು ಮಡಕೆ ಸುತ್ತಲಿನ ನಾಲ್ಕು ಗಿಡಗಳಿಗೆ ಮೂರು ನಾಲ್ಕು ದಿನ ನೀರು ಕೊಡುತ್ತದೆ, ಮಣ್ಣು ಒಣಗಿದಷ್ಟೂ ಹೆಚ್ಚು ಕೊಡುತ್ತದೆ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ವರ್ಷ ಕಳೆದಂತೆ ಒಸರುವುದು ನಿಧಾನವಾಗುವುದರಿಂದ ಮಳೆಗಾಲದಲ್ಲಿ ತೆಗೆದು ತೆಂಗಿನ ನಾರಿನಿಂದ ಉಜ್ಜಿಡಬೇಕು. ಇದಲ್ಲದೆ ಅಡುಗೆಮನೆಯ ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು, ಒಂದು ದಿನವೂ ಮೋರಿಗೆ ಹೋಗುವುದಿಲ್ಲ. ಊರಿನಲ್ಲಿ ಅದು ದನಕ್ಕೆ ಮೀಸಲು, ಇಲ್ಲಿ ಬಸಳೆಗೆ.

ತಾರಸಿಯ ಮೇಲೆ ಬೀಳುವ ಮಳೆಯನ್ನು ಹಿಡಿದಿಡಬಾರದೇಕೆ ಎಂದು ಕೇಳುವವರಿದ್ದಾರೆ. ಹತ್ತು ಚದರ ಮೀಟರ್ ತಾರಸಿಗೆ 800 ಮಿಲಿಮೀಟರ್ ಬಿದ್ದರೂ 8,000 ಲೀಟರ್ ಆಯಿತು. ಅದು ಬರುವುದು ನಮಗೆ ಬೇಡದ ಜುಲೈಯಲ್ಲಿ, ನಮ್ಮ ಸಂಪು ಹಿಡಿಯುವುದು ಐದು ಸಾವಿರ. ಉಳಿದದ್ದನ್ನು ಈಗ ಹಿತ್ತಲಿನ ಮೂಲೆಯ ಇಂಗುಗುಂಡಿಗೆ ಬಿಟ್ಟಿದ್ದೇನೆ. ಇಷ್ಟು ವರ್ಷಗಳ ದರಕು ಕೊಳೆತು ಹಿತ್ತಲಿನ ಮೇಲ್ಮಣ್ಣು ಒಂದು ಗೇಣು ಕಪ್ಪಾಗಿದೆ, ಹಿಡಿದರೆ ಉಂಡೆಯಾಗಿ ಬಿಟ್ಟರೆ ಪುಡಿಯಾಗುತ್ತದೆ. ಯಾವ ಸಿಂಟೆಕ್ಸ್ ಟ್ಯಾಂಕಿಗಿಂತಲೂ ನನಗೆ ಆ ಒಂದು ಗೇಣು ಮಣ್ಣಿನ ಮೇಲೆ ನಂಬಿಕೆ ಹೆಚ್ಚು. ಪಶ್ಚಿಮದ ಗೋಡೆಯ ಪಟ್ಟಿಯಲ್ಲಿ ಇನ್ನೂ ಅದು ಸಾಧ್ಯವಾಗಿಲ್ಲ. ಸಂಜೆಯ ಬಿಸಿಲು ಗೋಡೆಗೆ ಬಡಿದು ರಾತ್ರಿ ಒಂಬತ್ತರವರೆಗೆ ಝಳ ಬರುತ್ತಿರುತ್ತದೆ; ಅಲ್ಲಿ ನುಗ್ಗೆಯೊಂದು ಬದುಕಿದೆ, ಅದರ ನೆರಳಿನಲ್ಲಿ ಮುಂದಿನ ವರ್ಷ ಅಲಸಂದೆ ಹಬ್ಬಿಸಿ ನೋಡಬೇಕು.

ಡೇರೆಯ ಸಂಗತಿ ಉಳಿಯಿತು. ಮಲೆನಾಡಿನ ಹೆಂಗಸರಿಗೆ ಡೇರೆ ಎಂದರೆ ಏನೆಂದು ಹೊರಗಿನವರಿಗೆ ವಿವರಿಸುವುದು ಕಷ್ಟ. ಮದುವೆ ಮನೆಯಲ್ಲಿ ಭೇಟಿಯಾದರೆ ಮೊದಲು ಗಡ್ಡೆಯ ವಿಚಾರ, ಆಮೇಲೆ ಮಕ್ಕಳ ವಿಚಾರ. ಅಮ್ಮನ ಹತ್ತಿರ ಹದಿನೇಳು ಬಣ್ಣಗಳಿದ್ದವು. ನಾನು ಶಿವಮೊಗ್ಗಕ್ಕೆ ಬಂದ ಮೊದಲ ವರ್ಷ ಅದರಲ್ಲಿ ಏಳು ಕೊಟ್ಟು ಕಳಿಸಿದ್ದರು. ಮೆಕ್ಸಿಕೋದ ತಂಪು ಬೆಟ್ಟಗಳಿಂದ ಬಂದ ಈ ಗಿಡಕ್ಕೆ ನಮ್ಮೂರಿನ ಮಳೆ ಮಂಜು ಒಗ್ಗಿತ್ತು. ಇಲ್ಲಿಯೂ ಆಗಸ್ಟ್‌ನಲ್ಲಿ ಹೂ ಬಿಟ್ಟಿತು. ಗಿಡ ಒಣಗಿದ ಮೇಲೆ ಗಡ್ಡೆಗಳನ್ನು ಕಿತ್ತು, ಊರಿನಲ್ಲಿ ಮಾಡುವಂತೆ ಬುಟ್ಟಿಯಲ್ಲಿ ಹಾಕಿ ಮೆಟ್ಟಿಲ ಕೆಳಗಿಟ್ಟೆ. ಮೇ ತಿಂಗಳಲ್ಲಿ ತೆಗೆದು ನೋಡಿದರೆ ಏಳೂ ಒಣ ಶುಂಠಿಯಂತೆ ಸುಕ್ಕುಗಟ್ಟಿ, ಒತ್ತಿದರೆ ಟೊಳ್ಳಾಗಿದ್ದವು. ಅಮ್ಮನಿಗೆ ಹೇಳಲು ಎರಡು ವರ್ಷ ಬೇಕಾಯಿತು. ಕೇಳಿ ಅವರು ಬೈಯಲಿಲ್ಲ, ಮತ್ತೆ ಏಳು ಕೊಟ್ಟರು, ಅವೂ ಹೋದವು.

ಕಳೆದ ಡಿಸೆಂಬರ್‌ನಲ್ಲಿ ಮೂರನೆಯ ಸಲ ಕೊಟ್ಟರು. ಈ ಸಲ ಪೇಂಟು ಬಳಿಯದ ದೊಡ್ಡ ಮಡಕೆಯೊಂದರಲ್ಲಿ ಹೊಳೆಮರಳು ಹಾಕಿ, ಗಡ್ಡೆ ಒಂದಕ್ಕೊಂದು ತಾಗದಂತೆ ಇಟ್ಟು, ಮೇಲೆ ಮರಳು ಮುಚ್ಚಿ, ಮಡಕೆಯನ್ನು ಹಿತ್ತಲಿನ ಮಾವಿನ ಬುಡದಲ್ಲಿ ಅರ್ಧ ಹೂತು, ಬಾಯಿಗೆ ಅಡಿಕೆ ಹಾಳೆ ಕಟ್ಟಿ, ಅದರ ಮೇಲೆ ಎರಡು ಗೇಣು ಹೊಂಗೆ ಎಲೆ ಹೊದಿಸಿದೆ. ಮಡಕೆಯ ಸುತ್ತಲಿನ ಮಣ್ಣಿಗೆ ಹದಿನೈದು ದಿನಕ್ಕೊಮ್ಮೆ ಒಂದು ಚೊಂಬು ನೀರು, ಒಳಗೆ ಒಂದು ಹನಿಯೂ ಇಲ್ಲ. “ಭರಣಿ ಬಂದರೆ ಧರಣಿ ಬದುಕೀತು” ಎನ್ನುತ್ತಾರೆ. ಈ ವರ್ಷ ಭರಣಿಯಲ್ಲಿ ಎರಡು ಸಂಜೆ ಗುಡುಗಿ ಸುರಿಯಿತು. ಮೂರನೆಯ ದಿನ ಬೆಳಿಗ್ಗೆ ಎಲೆ ಸರಿಸಿ, ಹಾಳೆ ಬಿಚ್ಚಿ, ಮರಳಿನೊಳಗೆ ಕೈ ಇಳಿಸಿದೆ. ಒಳಗೆ ತಣ್ಣಗಿತ್ತು. ಏಳು ಗಡ್ಡೆಗಳಲ್ಲಿ ಮೂರು ಕೊಳೆತಿದ್ದವು. ನಾಲ್ಕರ ಕುತ್ತಿಗೆಯಲ್ಲಿ ಎಳ್ಳಿನಷ್ಟು ಗುಲಾಬಿ ಕಣ್ಣು ಮೂಡಿತ್ತು. ಫೋನ್ ಮಾಡಿದಾಗ ಅಮ್ಮ ಕೇಳಿದ್ದು ಒಂದೇ ಮಾತು, ಬಿಳಿಯದು ಉಳಿದಿದೆಯಾ ಎಂದು. ಯಾವ ಬಣ್ಣದ್ದು ಉಳಿದಿದೆ ಎಂಬುದು ಆಗಸ್ಟ್‌ವರೆಗೆ ತಿಳಿಯುವುದಿಲ್ಲ.